ನಾಲ್ಕು ಬೆರಳು ಗಿಡ್ಡವಾದ ಕದ

"ಕೊಟ್ಟ ವಸ್ತು ಕೊಟ್ಟ ಹಾಗೇ ತಿರುಗಿ ಬರದಿದ್ದರೆ ಅದನ್ನು ನಷ್ಟ ಅನ್ನದೆ ಇನ್ನೇನು ಅನ್ನಬೇಕು, ಗುರುಗಳೇ?" ಎಂದು ಶಿಷ್ಯ ಕೇಳಿದ. ನೆರೆಯಲ್ಲಿ ಮನೆ ಕಳೆದುಕೊಂಡವರ ಸಾಮಾನು ಸಾಗಿಸಲು ಅವನು ತನ್ನ ಗಾಡಿ ಕೊಟ್ಟಿದ್ದ. ಅದು ಯಾರದೋ ಹಳೆಯ ಗಾಲಿ ಹಾಕಿಸಿಕೊಂಡು ಮರಳಿತ್ತು.

ಗುರುಗಳು ಮಠಕ್ಕೆ ಬರುವ ಮೊದಲು ನಲವತ್ತು ವರ್ಷ ವ್ಯಾಪಾರ ಮಾಡಿದವರು. "ಮೊದಲು ವ್ಯವಹಾರ ಕೇಳು," ಎಂದರು. "ಒಂದು ಕದ ಹೋಗಬೇಕು, ಹೊಸ ವರ್ಷದೊಳಗೆ ವಾಪಸ್ ಬರಬೇಕು. ಅಷ್ಟೇ ಕರಾರು."

ಚೀನಾ ದೇಶದಲ್ಲಿ ಯುದ್ಧದ ಕಾಲ. ಅಲ್ಲಿ ಒಬ್ಬ ಎಣ್ಣೆ ವ್ಯಾಪಾರಿ ಇದ್ದ. ಒಬ್ಬನೇ ಮಗನನ್ನು ಸೈನ್ಯಕ್ಕೆ ಕರೆದೊಯ್ದು ಎರಡು ವರ್ಷವಾಗಿತ್ತು, ಸುದ್ದಿಯಿರಲಿಲ್ಲ. ಅವನ ಮನೆ ಬಾಗಿಲಿಗೆ ಎರಡು ಕದ. ಒಂದರ ಮೇಲೆ ಶೆನ್‌ಶುವಿನ ಚಿತ್ರ, ಇನ್ನೊಂದರ ಮೇಲೆ ಯೂಲುವಿನ ಚಿತ್ರ. ಇವರು ಬಾಗಿಲು ಕಾಯುವ ದೇವರು; ಶೆನ್‌ಶು ಅಣ್ಣ, ಯೂಲು ತಮ್ಮ. ಕಡಲಿನಾಚೆ ಒಂದು ಪೀಚ್ ಮರದ ಕೆಳಗೆ ನಿಂತು, ಕೆಟ್ಟ ದೆವ್ವಗಳನ್ನು ಹುಲ್ಲುಹಗ್ಗದಲ್ಲಿ ಕಟ್ಟಿ ಹುಲಿಗೆ ಹಾಕಿದವರು. ಒಬ್ಬರಿಗೊಬ್ಬರು ಮುಖ ಮಾಡಿ ನಿಂತು ಮನೆ ಕಾಯುತ್ತಾರೆಂದು ಆ ಜನರ ನಂಬಿಕೆ.

ಒಂದು ಮಧ್ಯಾಹ್ನ ನಾಲ್ವರು ಹಮಾಲರು ಗಾಯಗೊಂಡ ಸೈನಿಕನೊಬ್ಬನನ್ನು ಹೊತ್ತು ಬಂದರು. ವೈದ್ಯನಿರುವುದು ನದಿಯಾಚೆ. ಮಲಗಿಸಿ ಸಾಗಿಸಲು ಒಂದು ಕದ ಬೇಕು ಎಂದರು.

"ಅಣ್ಣ ಹೋದರೆ ತಮ್ಮನೊಬ್ಬನೇ ಏನು ಕಾಯುತ್ತಾನೆ?" ಎಂದ ವ್ಯಾಪಾರಿ.

ಹೆಂಡತಿ ಆಗಲೇ ಕದಕ್ಕೆ ಕೈ ಹಾಕಿದ್ದಳು. "ಅಳತೆ ಪಾತ್ರೆ ಬೋರಲು ಹಾಕಿ ಕೊನೆಯ ಹನಿಗೂ ಕಾಯುವವರು ನೀವು. ಇಲ್ಲಿ ಹುಡುಗನ ನೆತ್ತರು ಸೋರುತ್ತಿದೆ, ನಿಂತು ನೋಡುತ್ತೀರಲ್ಲ! ಆ ಕಡೆ ಹಿಡಿಯಿರಿ."

ಅವನು ಹಿಡಿದ. ಅಣ್ಣನ ಕದ ಹೊರಟಿತು. "ಹೊಸ ವರ್ಷದೊಳಗೆ!" ಎಂದು ಬೀದಿಯ ತಿರುವಿನವರೆಗೂ ಕೂಗಿದ.

ಆ ಚಳಿಗಾಲ ಅರ್ಧ ಬಾಗಿಲಿಗೆ ರಜಾಯಿ ಕಟ್ಟಿದರು. ಹೆಂಡತಿ ದಿನವೂ ಯೂಲುವಿನ ಮುಖದ ಧೂಳು ಒರೆಸಿ, "ಅಣ್ಣ ಊರಲ್ಲಿಲ್ಲ, ತೂಕಡಿಸಬೇಡಪ್ಪ," ಎನ್ನುತ್ತಿದ್ದಳು. ವ್ಯಾಪಾರಿ ಗಾಳಿ ಬರುವ ಬದಿಗೆ ತಾನು ಮಲಗುತ್ತಿದ್ದ. ಒಳಗೆ ಸೆಕೆ ಎಂದು ಅವನು ಹೇಳಿದ. ಅವಳು ನಂಬಿದಂತೆ ಇದ್ದಳು.

ಹೊಸ ವರ್ಷಕ್ಕೆ ಎರಡು ದಿನವಿರುವಾಗ ಒಬ್ಬ ಹಮಾಲ ಕದ ತಂದ.

"ಆ ಹುಡುಗ?" ಎಂದಳು ಹೆಂಡತಿ.

"ಬದುಕಿದ, ತಾಯಿ."

ವ್ಯಾಪಾರಿ ಕದ ನಿಲ್ಲಿಸಿ ನೋಡಿದ. ನಾಲ್ಕು ಬೆರಳು ಗಿಡ್ಡ. ಅದರ ಮೇಲೂ ಯೂಲುವೇ. ಈಗ ತಮ್ಮಂದಿರಿಬ್ಬರೂ ಒಂದೇ ಕಡೆ ನೋಡುತ್ತಿದ್ದರು. "ಇದು ನನ್ನದಲ್ಲ!"

"ನದಿ ದಂಡೆಯಲ್ಲಿ ಮುನ್ನೂರು ಕದ ರಾಶಿ ಬಿದ್ದಿವೆ, ಯಜಮಾನರೇ. ಯಾವ ಅಣ್ಣ ಯಾವ ಮನೆಯವನೆಂದು ಯಾರನ್ನು ಕೇಳಲಿ? ನಿಮಗೆ ಒಂದು ಕದ ಕಡಿಮೆಯಿತ್ತು, ಒಂದು ತಂದಿದ್ದೇನೆ."

ಹಬ್ಬ ಮುಗಿದ ಮೇಲೆ ಅದನ್ನು ಸೌದೆ ಮಾಡಿ ಹೊಸದು ಮಾಡಿಸುವುದೆಂದು ವ್ಯಾಪಾರಿ ತೀರ್ಮಾನಿಸಿದ. ಕೊಡಲಿಯನ್ನೂ ಮಸೆದಿಟ್ಟ.

ಅಷ್ಟರಲ್ಲಿ ಮಗ ಬಂದ. ಕೋಲೂರಿ, ಕುಂಟುತ್ತ, ಆದರೆ ಬಂದ. ತಾಯಿ ಬಡಿಸಿದ್ದನ್ನೆಲ್ಲ ತಿಂದು ಹೇಳಿದ: "ನನ್ನನ್ನು ಯಾರದೋ ಮನೆಯ ಕದದ ಮೇಲೆ ಮಲಗಿಸಿ ನದಿ ದಾಟಿಸಿದರಂತೆ. ನನಗೆ ಎಚ್ಚರವಿರಲಿಲ್ಲ. ಆ ಮನೆಯವರು ಯಾರೋ ಏನೋ."

ವ್ಯಾಪಾರಿ ಎದ್ದು ಕೊಡಲಿ ತೆಗೆದುಕೊಂಡ. ಹೆಂಡತಿ ಗಾಬರಿಯಾಗಿ ಹಿಂದೆಯೇ ಓಡಿದಳು. ಅವನು ಎಣ್ಣೆಯ ಪೆಟ್ಟಿಗೆಯೊಂದನ್ನು ಸೀಳಿ, ನಾಲ್ಕು ಬೆರಳಿನ ಪಟ್ಟಿ ಮಾಡಿ, ಗಿಡ್ಡ ಕದದ ಬುಡಕ್ಕೆ ಮೊಳೆ ಹೊಡೆಯುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತು. "ಹಾಗಾದರೆ ಮಗನನ್ನು ದಾಟಿಸಿದ್ದು ಅಪ್ಪ ಕೊಟ್ಟ ಕದವೇ ಅನ್ನಿ!"

"ಅಲ್ಲ, ಅಪ್ಪನ ಕದ ಬೇರೆಯವರ ಮಗನನ್ನು ದಾಟಿಸಿತ್ತು, ಬೇರೆಯವರ ಕದ ಇವನ ಮಗನನ್ನು," ಎಂದರು ಗುರುಗಳು.

ಶಿಷ್ಯ ಎದ್ದು, ತನ್ನ ಗಾಡಿಗೆ ಬಂದ ಆ ಹಳೆಯ ಗಾಲಿಗೆ ಎಣ್ಣೆ ಹಾಕಲು ಹೋದ.