ಕಾವು ಕಾಣುವ ಬೋಗುಣಿ

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಹಲ್ಲು ಮೂಡದ ಕಾಲದಲ್ಲಿ, ಕಂಚುಗಾರರ ಒಂದು ಊರಿತ್ತಂತೆ. ಅಲ್ಲಿ ಮೋನಪ್ಪ ಅಂತ ಒಬ್ಬನಿದ್ದ. ಅವನು ಉಜ್ಜಿದ ತಟ್ಟೆಯಲ್ಲಿ ನಾಗರಹಾವು ತನ್ನನ್ನೇ ಕಂಡು ಹೆಡೆ ಬಿಚ್ಚುತ್ತಿತ್ತಂತೆ. ನಂಬದಿದ್ದರೆ ಬಿಡಿ, ನನಗೇನು ನಷ್ಟ? ಅವನ ಹೆಂಡತಿ ಕಾಳವ್ವ. ಇಬ್ಬರಿಗೂ ಒಬ್ಬಳೇ ಮಗಳು, ಚಿನ್ನಿ.

ಚಿನ್ನಿಗೆ ಜ್ವರ ಬಂತು. ಅಪ್ಪನ ತೊಡೆಯ ಮೇಲೇ ಹೋದಳು. ಕೆಂಡದ ಹಾಗೆ ಸುಡುತ್ತಿದ್ದ ಮೈ ಅವನ ಕೈಯಲ್ಲೇ ತಣ್ಣಗಾಯಿತು. ಇಷ್ಟು ಕಾವು ಎಲ್ಲಿಗೆ ಹೋಯಿತು ಅಂತ ಕಂಡಕಂಡವರನ್ನು ಕೇಳಿದನಂತೆ. ಯಾರೋ ಹಿರಿಯರು, ನಕ್ಷತ್ರಗಳ ನಡುವಿನ ಕತ್ತಲಿಗೆ ಹೋಗುತ್ತದಪ್ಪ, ಅದು ಕಣ್ಣಿಗೆ ಕಾಣುವಂಥದ್ದಲ್ಲ, ಅಂದರಂತೆ. ಸಮಾಧಾನಕ್ಕೆ ಹೇಳಿದ ಮಾತು. ಅವನು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡ. ಊಟ ಬಿಟ್ಟ.

ಆ ಕತ್ತಲಿಗೆ ಹೋದ ಮಗಳ ಕಾವನ್ನು ಹಿಡಿಯಲೆಂದು ಊರಾಚೆಯ ದಿಬ್ಬದ ಮೇಲೆ ಸುತ್ತ ಬಿದಿರ ತಡಿಕೆ ಕಟ್ಟಿ, ಒಳಗೆ ದೊಡ್ಡದೊಂದು ಕಂಚಿನ ಬೋಗುಣಿಯನ್ನು ಮೂಡಣ ಬಾನಿಗೆ ಓರೆಯಾಗಿ ನಿಲ್ಲಿಸಿದ. ಬಿದ್ದ ಕಾವೆಲ್ಲ ಒಂದೇ ಕಡೆ ಕೂಡುವಂತೆ ಅದನ್ನು ಉಜ್ಜಿದ್ದನಂತೆ. ಆ ಜಾಗದಲ್ಲಿ ಕೂದಲೆಳೆಗೆ ಹೂವಿನ ಎಸಳಿನಷ್ಟು ತೆಳುವಾದ ಮೂರು ತಗಡಿನ ರೇಕು ಕಟ್ಟಿ ತೂಗುಬಿಟ್ಟ. ಬೆಂಕಿಯ ಕಾವಿಗೆ ಒಂದು ನಡುಗುತ್ತಿತ್ತು, ಬಿಸಿಲುಂಡ ಕಲ್ಲಿನ ಕಾವಿಗೆ ಇನ್ನೊಂದು, ಜೀವದ ಕಾವಿಗೆ ಮೂರನೆಯದು. ಬೋಗುಣಿ ತಾನೇ ಬೆಚ್ಚಗಿದ್ದರೆ ಬೇರೆಯವರ ಬಿಸಿ ಅದಕ್ಕೆ ತಿಳಿಯುವುದು ಹೇಗೆ? ಅದಕ್ಕೇ ಸುತ್ತ ಒದ್ದೆ ಗಡಿಗೆ ಜೋಡಿಸಿ, ನೀರಿಗೆ ತಂಪೇರಿಸುವ ಪೆಟ್ಲುಪ್ಪು ಕದಡಿದ ನೀರಿನಿಂದ ಅದನ್ನು ತಣ್ಣಗಿಡುತ್ತಿದ್ದ. ತಾನೂ ತೊಯ್ದ ಕಂಬಳಿ ಹೊದ್ದು ದೂರ ಕೂರುತ್ತಿದ್ದ. ಯಾರೂ ಹತ್ತಿರ ಸುಳಿಯಕೂಡದು, ಹೆಂಡತಿ ಕೂಡ.

ಕಾಳವ್ವನ ಜೀವ ಕೇಳುತ್ತದೆಯೇ? ಉಪವಾಸ ಕೂತ ಗಂಡನಿಗೆ ಅಂಬಲಿ ತಂದಳು. ಕೂಗಿದರೆ ಬೈಯುತ್ತಾನೆ ಅಂತ ಬೋಗುಣಿಯ ಎದುರಿಗಿದ್ದ ಮೂಡಣ ತಡಿಕೆಯಾಚೆ ಸುಮ್ಮನೆ ನಿಂತು, ಕಾದು, ಹಾಗೇ ಮನೆಗೆ ಹೋದಳು. ಆ ಸಂಜೆ ಮೂರನೆಯ ರೇಕು ನಡುಗಿತಂತೆ. ಮೋನಪ್ಪ ಮನೆಗೆ ಓಡಿಬಂದ.

"ಕಾಳೀ, ಮಗಳು ಬಂದಿದ್ದಳು ಕಣೇ," ಅಂದ. ಅಂದು ಹೊಟ್ಟೆತುಂಬ ಉಂಡ.

ಮಾರನೆಯ ಸಂಜೆ ಅವಳು ಹೋಗಲಿಲ್ಲ. ರೇಕು ಅಲುಗಲಿಲ್ಲ. ಅವನು ತುತ್ತು ಮುಟ್ಟಲಿಲ್ಲ. ಆಗ ಅವಳಿಗೆ ತಿಳಿಯಿತಂತೆ, ಅಲುಗಿದ್ದು ತನ್ನ ಕಾವಿಗೆ ಅಂತ. ಹೇಳಿದರೆ ಅವನು ಮಗಳನ್ನು ಇನ್ನೊಂದು ಸಲ ಕಳೆದುಕೊಳ್ಳುತ್ತಾನೆ. ಹೇಳದಿದ್ದರೆ ಉಣ್ಣುತ್ತಾನೆ. ಹೆತ್ತ ಕರುಳು ಅವಳದೂ ಅಲ್ಲವೇ? ಅವಳ ದುಃಖ ಯಾರೂ ಕೇಳಲಿಲ್ಲ ನೋಡಿ. ಮಾಗಿಯ ಚಳಿಯಲ್ಲಿ ದಿನಾ ಹೋಗಿ ನಿಂತಳು. ಕಾವಿಗೆ ಅಡ್ಡ ಬರುತ್ತದೆ ಅಂತ ಕಂಬಳಿ ಹೊದೆಯದೆ ನಿಂತಳಂತೆ. ಕೆಮ್ಮು ಹತ್ತಿದ ಮೇಲೆ ಸೆರಗು ಬಾಯಿಗೆ ತುರುಕಿಕೊಂಡು ನಿಂತಳಂತೆ.

ಒಂದು ಸಂಜೆ ರೇಕು ನಡುಗಿ ನಡುಗಿ ಮೆಲ್ಲಗೆ ನಿಂತಿತು. ಮಗಳಿಗೆ ಮುಕ್ತಿ ಸಿಕ್ಕಿತು ಅಂತ ಮೋನಪ್ಪ ಕೈಮುಗಿದನಂತೆ. ಹೊರಗೆ ಬಂದರೆ ತಡಿಕೆಗೆ ಒರಗಿ ಕಾಳವ್ವ ಕೂತಿದ್ದಳು. ಅವಳು ದಿನಾ ನಿಂತ ಜಾಗದ ಹುಲ್ಲು ಸವೆದುಹೋಗಿತ್ತು. ಮಡಿಲಲ್ಲಿದ್ದ ಅಂಬಲಿ ಇನ್ನೂ ಉಗುರುಬೆಚ್ಚಗಿತ್ತು, ಅವಳ ಕೈ ತಣ್ಣಗಾಗಿತ್ತು. ಅವನು ಅಲ್ಲೇ ಕೂತು ಆ ಅಂಬಲಿ ಕುಡಿದನಂತೆ.

ಬೋಗುಣಿಯನ್ನು ಅವನೇ ಕರಗಿಸಿ ಮನೆಮನೆಗೂ ಒಂದೊಂದು ಬಟ್ಟಲು ಎರೆದುಕೊಟ್ಟನಂತೆ. ಈಗಲೂ ಆ ಊರಿನ ಗಂಡಸರು ರಾತ್ರಿ ಉಣ್ಣಲು ಕೂರುವ ಮೊದಲು ಮನೆಯ ಹಿಂದೆ ಹೋಗಿ, ಯಾರಿದ್ದೀರಿ, ಒಳಗೆ ಬನ್ನಿ, ಅನ್ನುತ್ತಾರೆ. ಅಲ್ಲಿ ಯಾರೂ ಇರುವುದಿಲ್ಲ. ಆದರೂ ಸ್ವಲ್ಪ ಹೊತ್ತು ನಿಂತು ನೋಡಿ ಬರುತ್ತಾರೆ.