ಹೊಡೆದಿದ್ದು, ಒಡೆದಿದ್ದು

“ಗುರುಗಳೇ, ಕಂಪ್ಯೂಟರಿನ ರ‍್ಯಾಮ್ ವೇಗ ಏರಿಸಿದೆ. ವೋಲ್ಟೇಜನ್ನೂ ಒಂಚೂರು ಜಾಸ್ತಿ ಕೊಟ್ಟೆ. ತಕರಾರಿಲ್ಲದೆ ಆನ್ ಆಯಿತು. ಇನ್ನೂ ಅದನ್ನು ಗಂಟೆಗಟ್ಟಲೆ ಪರೀಕ್ಷೆಗೆ ಕೂರಿಸಬೇಕೇ? ಅದೇನು ಎಸ್ಸೆಲ್ಸಿ ಪಾಸಾಗಬೇಕೇ?” ಎಂದು ಶಿಷ್ಯ ಕೇಳಿದ.

ಕಂಪ್ಯೂಟರ್ ರಿಪೇರಿ ಕಲಿಸುವ ಗುರುಗಳು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಪ್ರೆಸ್ಸಿನವನಿದ್ದ. ಲಗ್ನಪತ್ರಿಕೆ ಅಚ್ಚು ಹಾಕುವುದು ಅವನ ಕಸುಬು. ಅವನಲ್ಲಿ ಹೊಂಬಾಳಮ್ಮ ಎಂಬ ಹೆಂಗಸು ಟೈಪ್ ಹೊಡೆಯುತ್ತಿದ್ದಳು. ಅವಳ ನಾಲಿಗೆಗೆ ಹಕಾರ ಬರುತ್ತಿರಲಿಲ್ಲ. ಹಾಲಿಗೆ ಆಲು ಅನ್ನುವಳು, ಹಣ್ಣಿಗೆ ಅಣ್ಣು ಅನ್ನುವಳು. ಹೆಸರು ಕೇಳಿದರೆ ಒಂಬಾಳಮ್ಮ ಅನ್ನುವಳು. ಆದರೆ ನಾಲಿಗೆ ಬಿಟ್ಟದ್ದನ್ನು ಬೆರಳು ಬಿಡುತ್ತಿರಲಿಲ್ಲ. ಅವಳು ಹೊಡೆದ ಪತ್ರಿಕೆಯಲ್ಲಿ ತಪ್ಪು ಹುಡುಕಲು ಹೋದವರಿಗೆ ಸಿಗುತ್ತಿದ್ದದ್ದು ಕಣ್ಣುನೋವು ಮಾತ್ರ.

ಮದುವೆಯ ಕಾಲ ಬಂತು. ಕೆಲಸ ಹೆಚ್ಚಿತು. ಕಂಪ್ಯೂಟರು ಮಾತ್ರ ಎಮ್ಮೆಯ ಹಾಗೆ ಮೆಲುಕು ಹಾಕುತ್ತ ಕೂರುತ್ತಿತ್ತು. ಪ್ರೆಸ್ಸಿನವನು ತನಗೆ ರ‍್ಯಾಮ್ ಮಾರಿದವನ ಬಳಿ ಹೋಗಿ ಉಪಾಯ ಕೇಳಿದ.

ಮಾರಿದವನು ಹೇಳಿದ: “ವೇಗ ಏರಿಸಬಹುದು. ಒಂದೊಂದೇ ಮೆಟ್ಟಿಲು ಏರು. ಪ್ರತಿ ಮೆಟ್ಟಿಲಲ್ಲೂ ನಿಂತು ಪರೀಕ್ಷೆ ಓಡಿಸು. ತಪ್ಪು ಕಂಡರೆ ವೋಲ್ಟೇಜನ್ನು ಕೂದಲೆಳೆಯಷ್ಟು ಹೆಚ್ಚಿಸಿ ನೋಡು. ಆಗಲೂ ತಪ್ಪು ಬಂದರೆ ಜಗಳ ಆಡಬೇಡ, ಒಂದು ಮೆಟ್ಟಿಲು ಇಳಿದುಬಿಡು. ತಯಾರಿಸಿದವರು ಹೇಳಿದ ಮಿತಿ ದಾಟಿದರೆ ಬಿಸಿಯಾಗಿ ಸತ್ತೀತು, ಜೋಕೆ.”

ಪ್ರೆಸ್ಸಿನವನು ಮೆಟ್ಟಿಲು ಏರಲಿಲ್ಲ. ನೇರ ಅಟ್ಟಕ್ಕೇ ಹಾರಿದ. ವೋಲ್ಟೇಜಿನ ಮಿತಿ ದಾಟಲಿಲ್ಲ, ಅಷ್ಟು ಬುದ್ಧಿ ಇತ್ತು. ಗುಂಡಿ ಒತ್ತಿದ. ಪರದೆ ಬೆಳಗಿತು. ಎಮ್ಮೆ ಕುದುರೆಯಾಗಿತ್ತು. ಅವನು ಖುಷಿಯಲ್ಲಿ ತೊಡೆ ತಟ್ಟಿಕೊಂಡ. ಪರೀಕ್ಷೆಯ ಗೊಡವೆಗೆ ಹೋಗಲಿಲ್ಲ. ತಾನು ಹೀಗೆ ಮಾಡಿದ್ದೇನೆಂದು ಹೊಂಬಾಳಮ್ಮನಿಗೂ ಹೇಳಲಿಲ್ಲ.

ಕೈಲಾಗದ ಭಾರ ಹೊತ್ತ ರ‍್ಯಾಮ್ ಅಯ್ಯೋ ಎಂದು ಕೂಗುವುದಿಲ್ಲ. ನೆನಪಿಟ್ಟುಕೊಂಡಿರು ಎಂದು ಕೊಟ್ಟ ಅಕ್ಷರಗಳಲ್ಲಿ ಎಲ್ಲೋ ಒಂದನ್ನು ಬದಲಿಸಿ ವಾಪಸು ಕೊಡುತ್ತದೆ. ಕೊಡುವಾಗ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡುವುದಿಲ್ಲ.

ಕೆಲವು ದಿನ ಕಳೆದ ಮೇಲೆ ಒಬ್ಬ ವ್ಯಾಪಾರಿ ಮಗಳ ಲಗ್ನಪತ್ರಿಕೆ ಹಿಡಿದು ಬಂದ. ‘ಗುರುಹಿರಿಯರು ನಿಶ್ಚಯಿಸಿದಂತೆ’ ಎಂದಿರಬೇಕಾದ ಕಡೆ ‘ಕುರುಹಿರಿಯರು ನಿಶ್ಚಯಿಸಿದಂತೆ’ ಎಂದು ಅಚ್ಚಾಗಿತ್ತು.

“ಕುರು ಎದ್ದಿರೋದು ನಮ್ಮಲ್ಲಿ ಯಾವ ಹಿರಿಯರಿಗೆ, ಸ್ವಾಮಿ? ಬೀಗರು ಫೋನ್ ಮಾಡಿ ಮುಲಾಮು ಕಳಿಸ್ಲಾ ಅಂತಿದಾರೆ!” ಎಂದ.

ಅವನು ಮಾತು ಮುಗಿಸುವ ಮೊದಲೇ ಇನ್ನೊಬ್ಬ ಒಳಗೆ ನುಗ್ಗಿದ. ಅವನದು ಬೇರೆ ಮದುವೆ. ಅಲ್ಲಿ ‘ಸೋದರ ಮಾವ’ ಎಂಬುದು ‘ಸೋದರ ಯಾವ’ ಆಗಿತ್ತು.

“ಮದುವಣಗಿತ್ತೀನ ಕೈ ಹಿಡಿದು ಮಂಟಪಕ್ಕೆ ಕರ್ಕೊಂಡು ಬರೋನು ನಾನು. ನನ್ನನ್ನೇ ಯಾವ ಅಂತ ಕೇಳ್ತೀಯೇನಯ್ಯಾ?” ಎಂದು ಅವನು ಮೇಜು ಕುಟ್ಟಿದ.

ಎರಡು ಪತ್ರಿಕೆಗಳ ಪ್ರೂಫೂ ಸರಿಯಾಗಿತ್ತು. ಗಿರಾಕಿಗಳು ಓದಿ ಒಪ್ಪಿಕೊಂಡೇ ಹೋಗಿದ್ದರು. ಪ್ರೂಫಿಗೂ ಅಚ್ಚಿಗೂ ನಡುವೆ ಇದ್ದದ್ದು ಹೊಂಬಾಳಮ್ಮನ ಕೈ ಒಂದೇ ಎಂದು ಪ್ರೆಸ್ಸಿನವನು ತೀರ್ಮಾನಿಸಿದ. ಕಂಪ್ಯೂಟರಿನ ಮೇಲೆ ಅವನಿಗೆ ಅನುಮಾನವೇ ಹುಟ್ಟಲಿಲ್ಲ. ಅದು ಆನ್ ಆಗಿತ್ತಲ್ಲ.

“ನಾಲಿಗೇಲಿ ಹಕಾರ ಇಲ್ಲ, ಹೋಗ್ಲಿ ಬಿಡು ಅಂದೆ. ಈಗ ಬೆರಳಲ್ಲಿ ಗಕಾರವೂ ಹೋಯ್ತೇನಮ್ಮಾ?” ಎಂದು ಎಲ್ಲರೆದುರು ಕೇಳಿದ.

ಹೊಂಬಾಳಮ್ಮ ಎದ್ದು ನಿಂತಳು. ಸರಿಯಾಗಿಯೇ ಹೊಡೆದಿದ್ದು ಎನ್ನಬೇಕಿತ್ತು ಅವಳಿಗೆ.

“ಇಲ್ಲ ಯಜಮಾನ್ರೇ. ನಾನು ಸರ್ಯಾಗೇ ಒಡೆದಿದ್ದು” ಎಂದಳು.

“ಕೇಳಿದ್ರಾ! ಒಡೆದಿದ್ದು ತಾನೇ ಅಂತ ಒಪ್ಕೊಂಡ್ಲು. ಅದೂ ಸರ್ಯಾಗೇ ಒಡೆದ್ಲಂತೆ!” ಎಂದ ಪ್ರೆಸ್ಸಿನವನು.

ಗಿರಾಕಿಗಳಿಬ್ಬರೂ ಸಿಟ್ಟು ಮರೆತು ಹೊಟ್ಟೆ ಹಿಡಿದುಕೊಂಡು ನಕ್ಕರು.

ಇಲ್ಲಿಗೆ ಬಂದಾಗ ಶಿಷ್ಯನೂ ಕಿಸಕ್ಕನೆ ನಕ್ಕ. ಗುರುಗಳು ಅವನ ನಗು ಮುಗಿಯುವವರೆಗೆ ಕಾದರು. ಮುಂದುವರಿಸಿದರು.

ಹೊಂಬಾಳಮ್ಮ ಇನ್ನೊಂದು ಮಾತು ಆಡಲು ಬಾಯಿ ತೆರೆದಳು. ಆ ಮಾತಿನಲ್ಲೂ ಹಕಾರ ಇತ್ತೋ ಏನೋ, ಮುಚ್ಚಿಕೊಂಡಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಚೀಲ ಎತ್ತಿಕೊಂಡು ಹೊರಟಳು. ಪ್ರೆಸ್ಸಿನವನು ತಡೆಯಲಿಲ್ಲ.

ಮರುದಿನ ವ್ಯಾಪಾರಿಯ ಪತ್ರಿಕೆಯನ್ನು ಮತ್ತೆ ಅಚ್ಚು ಹಾಕಬೇಕಿತ್ತು. ಪ್ರೆಸ್ಸಿನವನು ತಾನೇ ಕೂತ. ‘ಗುರುಹಿರಿಯರು’ ಎಂದು ತಾನೇ ಹೊಡೆದ. ತಾನೇ ಓದಿದ. ಸರಿಯಾಗಿತ್ತು. ಅಚ್ಚಿಗೆ ಕೊಟ್ಟ. ಹಾಳೆ ಹೊರಗೆ ಬಂತು. ಅದೇ ಜಾಗದಲ್ಲಿ ಮತ್ತೆ ಕುರು ಎದ್ದಿತ್ತು.

ಬೈಯೋಣವೆಂದರೆ ಅಂಗಡಿಯಲ್ಲಿ ಅವನ ಹೊರತು ಯಾರೂ ಇರಲಿಲ್ಲ.

ಆಗ ರ‍್ಯಾಮ್ ಮಾರಿದವನ ಮಾತು ನೆನಪಿಗೆ ಬಂತು. ಪರೀಕ್ಷೆ ಓಡಿಸಿದ. ಪರದೆಯ ಮೇಲಿಂದ ಕೆಳಗಿನವರೆಗೆ ತಪ್ಪುಗಳ ಕೆಂಪು ಸಾಲು ಇಳಿಯಿತು. ಅವನು ವೇಗವನ್ನೂ ವೋಲ್ಟೇಜನ್ನೂ ಮೊದಲಿದ್ದಲ್ಲಿಗೆ ತಂದ. ಬಂದ್ ಮಾಡಿ ಆನ್ ಮಾಡಿದ. ಮತ್ತೆ ಪರೀಕ್ಷೆ ಓಡಿಸಿದ. ಒಂದು ಕೆಂಪು ಗೆರೆಯೂ ಕಾಣಲಿಲ್ಲ.

ಅಂಗಡಿಯ ಬಾಗಿಲು ಎಳೆದು ಹೊಂಬಾಳಮ್ಮನ ಮನೆಗೆ ನಡೆದ. “ತಪ್ಪು ನಿಂದಲ್ಲಮ್ಮಾ. ಯಂತ್ರದ್ದು. ಅದನ್ನ ಕೆಡಿಸಿದ್ದೂ ನಾನೇ. ನಾಳೆಯಿಂದ ಬಾ” ಎಂದ.

ಆಕೆ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡಳು. ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟಳು. ಅವನು ನೀರು ಕುಡಿದು ಲೋಟ ಕೆಳಗಿಟ್ಟ. ಮರುದಿನ ಅವಳ ಕುರ್ಚಿ ಖಾಲಿ ಇತ್ತು. ಆಮೇಲೂ ಖಾಲಿಯೇ ಇತ್ತು. ಆಕೆ ಈಗ ಅಂಗಡಿಗೆ ಹೋದರೆ ಹಾಲನ್ನು ಬೆರಳಲ್ಲಿ ತೋರಿಸುತ್ತಾಳೆ, ಬಾಯಲ್ಲಿ ಕೇಳುವುದಿಲ್ಲ ಎಂದು ಊರವರು ಅವನಿಗೆ ಹೇಳಿದರು.

ಗುರುಗಳು ಸ್ಕ್ರೂಡ್ರೈವರ್ ಮತ್ತೆ ಕೈಗೆತ್ತಿಕೊಂಡರು.

ಶಿಷ್ಯ ತಲೆ ಕೆರೆದುಕೊಂಡ. “ಆದರೂ ಗುರುಗಳೇ, ಅವನು ಎಲ್ಲವನ್ನೂ ಮೊದಲಿನ ಹಾಗೆ ಇಳಿಸಿದನಲ್ಲ. ಬಂದ್ ಮಾಡಿ ಆನ್ ಮಾಡಿದನಲ್ಲ. ಸರಿಹೋಯಿತಲ್ಲವೇ?”

“ಬಂದ್ ಮಾಡಿದರೆ ಎಲ್ಲವನ್ನೂ ಮರೆತುಬಿಡುವುದು ರ‍್ಯಾಮ್ ಮಾತ್ರ ಕಣಯ್ಯಾ” ಎಂದರು ಗುರುಗಳು.