ಎಲ್ಲಾ ಸೇರಿ ಸಾವಿರ

ಬಾದಾಮಿಯ ಗುಹೆ ನೋಡಲು ಬಂದವರಿಗೆ ಗುರುಸಿದ್ದವ್ವ ತನ್ನ ಮನೆಯ ಎರಡು ಕೋಣೆ ಬಾಡಿಗೆಗೆ ಕೊಡುತ್ತಿದ್ದಳು. ಬಾಗಿಲಲ್ಲೇ ಬೋರ್ಡು: "ದಿನಕ್ಕೆ ಸಾವಿರ. ಪುರಸಭೆ ತೆರಿಗೆ, ಬಿಸಿನೀರು, ಹಾಸಿಗೆ ಎಲ್ಲಾ ಸೇರಿ." ಎದುರಿನ ಲಾಡ್ಜಿನ ಚನ್ನಮಲ್ಲಪ್ಪ ಸಾಹುಕಾರರ ಬೋರ್ಡಿನಲ್ಲಿ ಬರೀ ಆರುನೂರು, ಉಳಿದದ್ದೆಲ್ಲ ಹೊರಡುವಾಗ ಬಿಲ್ಲಿನಲ್ಲಿ. ಗಿರಾಕಿಗಳು ಇವಳ ಬೋರ್ಡು ತೋರಿಸಿ ಜಗಳ ತೆಗೆಯತೊಡಗಿದಾಗ ಸಾಹುಕಾರರು ಮೀಸೆ ತಿರುವುತ್ತ ಬಂದರು.

"ನೀನೂ ಬರೇ ಬಾಡಿಗಿ ಬರಿ. ತೆರಿಗಿ-ಗಿರಿಗಿ ಆಮ್ಯಾಲ ಹೇಳು. ಇಲ್ಲಾಂದ್ರ ಈ ಬೋರ್ಡ್ ಕಿತ್ತಸ್ತೀನಿ!"

"ಆತ್ರೀ ಸಾಹುಕಾರ್ರ. ಹೊತ್ತಿಗೆ ಸರಿಯಾಗಿ ಬಂದೀರಿ, ಮೊದಲ ಊಟ ಮಾಡ್ರಿ."

ತಾಟು ಬಂತು. ಅದರಲ್ಲಿ ಒಂದೇ ಒಂದು ಬಿಸಿ ರೊಟ್ಟಿ.

"ಪಲ್ಯ?"

"ಪಲ್ಯದ ರೊಕ್ಕ ಬ್ಯಾರೆರೀ."

"ಶೇಂಗಾ ಹಿಂಡಿ?"

"ಅದೂ ಬ್ಯಾರೆ. ಎಷ್ಟಂತ ಉಂಡು ಏಳುವಾಗ ಹೇಳ್ತೀನಿ."

ಸಾಹುಕಾರರು ಕೆಂಡವಾದರು. "ಊಟಾ ಅಂದಮ್ಯಾಲ ಎಲ್ಲಾ ಬಂತು! ಊಟಕ್ಕ ಕರದು ಬರೇ ರೊಟ್ಟಿ ನೀಡೋದು ಯಾವೂರ ರೀತಿ?"

"ನಿಮ್ಮ ಲಾಡ್ಜಿನ ರೀತಿರೀ," ಎಂದವಳೇ ಎಣಗಾಯಿ, ಹಿಂಡಿ, ಗಟ್ಟಿ ಮೊಸರು ತಾಟಿನ ತುಂಬ ನೀಡಿದಳು.

ಸಾಹುಕಾರರು ತಲೆ ಎತ್ತದೆ ಉಂಡರು. ಆಮೇಲೆ ಎಂಜಲು ಕೈ ಹಿಡಿದುಕೊಂಡೇ ಮೆಲ್ಲಗೆ ಕೇಳಿದರು: "ಕೈ ತೊಳ್ಯಾಕ ನೀರು... ಬ್ಯಾರೆ ಏನವಾ?"

ಗುರುಸಿದ್ದವ್ವ ತುಂಬಿದ ತಂಬಿಗೆ ಅವರ ಮುಂದಿಟ್ಟಳು. "ಹೋಗೂ ಮುಂದ ನಮ್ಮ ಬೋರ್ಡ್ ಒಮ್ಮೆ ಓದ್ರಿ ಸಾಹುಕಾರ್ರ. ಎಲ್ಲಾ ಸೇರಿ!"